ಮಣ್ಣಿನ ರಾಜನ ಹಣೆಯ ಗುಳಿ

ರಾಜ ಸತ್ತ ಸುದ್ದಿ ಹೊತ್ತ ಸವಾರ ಬಾಗಿಲಿಗೆ ಬಂದಾಗ ಫಿಲಿನ್ನಾ ಬಾರ್ಲಿ ಹಿಟ್ಟು ಕಲಸುತ್ತಿದ್ದಳು. ಸವಾರ ಕುದುರೆಯಿಂದ ಇಳಿಯಲಿಲ್ಲ. ಊರೂರಿಗೂ ಅದೇ ಮಾತು ಕೂಗಿ ಕೂಗಿ ಅವನ ಗಂಟಲು ಕಟ್ಟಿಹೋಗಿತ್ತು. ಥೆರಾಂದ್ರಸ್ ರಾಜರು ಕಡಲಲ್ಲಿ ತೀರಿಕೊಂಡರು, ಮನೆಗೊಬ್ಬ ಗಂಡಸು, ಮನೆಗೊಬ್ಬಳು ಹೆಂಗಸು ಮೈಗೆ ಧೂಳು ಬಳಿದುಕೊಂಡು ಸ್ಪಾರ್ಟಾಕ್ಕೆ ಬಂದು ಅಳಬೇಕು, ಬಾರದ ಮನೆಗೆ ಶಿಕ್ಷೆ ತಪ್ಪದು ಎಂದು ಒಂದೇ ಉಸಿರಿಗೆ ಒಪ್ಪಿಸಿದ.

ಅಳುವುದಕ್ಕೂ ಅಪ್ಪಣೆ ಬರುವ ನಾಡು ಅದು. ಕಡಲ ದಡದ ಈ ಊರಿನವರು ಸ್ಪಾರ್ಟಾದವರಲ್ಲ, ಸ್ಪಾರ್ಟಾದ ಕೈಕೆಳಗಿನವರು. ಯುದ್ಧಕ್ಕೆ ಕರೆದರೆ ಹೋಗಬೇಕು, ಅಳಲು ಕರೆದರೂ ಹೋಗಬೇಕು. ಹಿಂದಿನ ರಾಜ ಸತ್ತಾಗಲೂ ಹೋಗಿದ್ದರು. ಆಗಿಹೋದ ರಾಜರಲ್ಲೆಲ್ಲ ಇವನೇ ಉತ್ತಮ ಎಂದು ಹಣೆ ಚಚ್ಚಿಕೊಂಡು ಬಂದಿದ್ದರು. ಅವನ ಅಪ್ಪ ಸತ್ತಾಗಲೂ ಅದೇ ಮಾತು ಅಂದಿದ್ದರಂತೆ. ಸತ್ತ ಮೇಲೆ ಉತ್ತಮನಾಗುವುದು ರಾಜರಿಗೆ ಅಂಥ ಕಷ್ಟದ ಕೆಲಸವೇನಲ್ಲ.

"ನಿಮ್ಮನೆಯಿಂದ ಗಂಡಸು ಯಾರು ಬರ್ತಾರೆ?" ಎಂದು ಸವಾರ ಕೇಳಿದ.

"ಒಬ್ಬ ಇದ್ದ. ಅವನೂ ಅದೇ ಹಡಗಲ್ಲಿದ್ದ," ಎಂದಳು ಫಿಲಿನ್ನಾ.

ಸವಾರ ಕುದುರೆಯ ಕಿವಿಯತ್ತ ಕಣ್ಣು ಹೊರಳಿಸಿದ. ಆಮೇಲೆ ದನಿ ತಗ್ಗಿಸಿ, ರಾಜರಿಗೆ ಹಾಲು ಕೊಟ್ಟ ದಾದಿ ಈ ಊರಿನವಳೇ ಅಲ್ಲವೇ, ಅವಳು ಯಾರು ಎಂದು ವಿಚಾರಿಸಿದ. ತಾನೇ ಎಂದಳು. ಹಾಗಾದರೆ ಹಿಟ್ಟು ಹಾಗೇ ಬಿಟ್ಟು ಹೊರಡು, ಅರಮನೆಯವರು ನಿನ್ನನ್ನು ಎಲ್ಲರಿಗಿಂತ ಮುಂದಾಗಿ ಕರೆತರಲು ಹೇಳಿದ್ದಾರೆ, ಹಿಂದೆ ಹೇಸರಗತ್ತೆ ಬರುತ್ತಿದೆ ಎಂದ. ಯಾಕೆ ಎಂದು ಅವನಿಗೂ ಗೊತ್ತಿರಲಿಲ್ಲ. ಅವಳು ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ ಕೈ ತೊಳೆದುಕೊಂಡಳು.

ಹಡಗು ಮುಳುಗಿದ ಸುದ್ದಿ ಅವಳಿಗೆ ಹೊಸದಾಗಿರಲಿಲ್ಲ. ದಡದ ಊರಿಗೆ ಅದು ಎಂಟು ದಿನ ಮೊದಲೇ ಬಂದಿತ್ತು. ಹದಿನೇಳು ವರ್ಷ ಪರದೇಶದಲ್ಲಿ ಯುದ್ಧ ಮಾಡಿಕೊಂಡೇ ಇದ್ದ ರಾಜನನ್ನು ಮನೆಗೆ ಕರೆತರಲು ಚೈತ್ರದಲ್ಲಿ ಹೊರಟ ಹಡಗು ಅದು. ಅದರ ಚುಕ್ಕಾಣಿ ಹಿಡಿದವನು ಅವಳ ಮಗ ಲೀಕೋನ್. ಹೋಗುವಾಗ ಚೆನ್ನಾಗಿಯೇ ಹೋದರು. ಬರುವಾಗ ಕ್ರೀಟ್ ದ್ವೀಪದ ಆಚೆ ಬಿರುಗಾಳಿಗೆ ಸಿಕ್ಕಿ ರಾಜನೂ ಹೋದ, ಚುಕ್ಕಾಣಿಯವನೂ ಹೋದ. ಹಲಗೆ ಹಿಡಿದುಕೊಂಡ ಇಬ್ಬರು ಮಾತ್ರ ಉಳಿದು ಬಂದರು.

ಒಂದೇ ಎದೆಯ ಹಾಲು ಕುಡಿದ ಇಬ್ಬರು ಒಂದೇ ದಿನ ಒಂದೇ ನೀರಿಗೆ ಹೋಗಿದ್ದರು. ಊರಿನ ಹೆಂಗಸರು ಇದನ್ನು ಬಾವಿಕಟ್ಟೆಯಲ್ಲಿ ಪಿಸುಗುಟ್ಟಿಕೊಂಡು ಮುಂಗೈಯಲ್ಲಿ ಎದ್ದ ರೋಮ ತೋರಿಸಿಕೊಂಡರೇ ಹೊರತು ಫಿಲಿನ್ನಾಳ ಬಾಗಿಲಿಗೆ ಯಾರೂ ಬರಲಿಲ್ಲ. ಬರುವ ರೂಢಿಯೇ ಇರಲಿಲ್ಲ. ಅಲ್ಲದೆ ರಾಜನ ಸೂತಕ ಮುಗಿಯುವ ತನಕ ಬೇರೆ ಯಾವ ಸತ್ತವನ ಹೆಸರನ್ನೂ ಎತ್ತಿ ಅಳಬಾರದು ಎಂಬುದು ಊರಿನಲ್ಲಿ ಹಿಂದಿನಿಂದ ನಡೆದುಬಂದದ್ದು. ಹೀಗಾಗಿ ಲೀಕೋನನಿಗಾಗಿ ಯಾರೂ ಬಾಯಿಬಿಟ್ಟು ಅತ್ತಿರಲಿಲ್ಲ.

ಫಿಲಿನ್ನಾ ಅತ್ತಿರಲಿಲ್ಲ, ಅದಕ್ಕೆ ಕಾರಣ ರೂಢಿಯಲ್ಲ. ಮಗನ ಮುಖ ಅವಳಿಗೆ ನೆನಪಾಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಒದ್ದೆ ಗುಂಗುರು ಕೂದಲಿನ, ಮುಂದಿನ ಹಲ್ಲು ಬಿದ್ದ ಇನ್ನೊಂದು ಮುಖ ಬಂದು ನಿಲ್ಲುತ್ತಿತ್ತು. ಅದು ರಾಜನದು. ಎಂಟು ದಿನದಿಂದ ಅವಳು ಅದನ್ನು ತಳ್ಳಿ ತಳ್ಳಿ ಅದರ ಹಿಂದೆ ಮಗನನ್ನು ಹುಡುಕುತ್ತಿದ್ದಳು. ಹೆತ್ತ ಮಗ ಸತ್ತಾಗ ಅವನ ಮುಖ ಕೂಡ ಕಣ್ಣಿಗೆ ಬರಲಿಲ್ಲವೆಂದರೆ ತಾನೆಂಥ ತಾಯಿ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತ್ತು.

ಅವಳ ಕತೆ ದೊಡ್ಡದೇನಲ್ಲ. ಇಪ್ಪತ್ತನೆಯ ವಯಸ್ಸಿಗೆ ಬಸುರಿಯಾಗಿದ್ದಾಗ ಗಂಡ ಬಣ್ಣ ತೆಗೆಯುವ ಶಂಖದ ಹುಳು ಹಿಡಿಯಲು ಕಡಲಿಗೆ ಮುಳುಗಿದವನು ಮೇಲೆ ಬರಲಿಲ್ಲ. ಲೀಕೋನ್ ಹುಟ್ಟಿ ಆರು ತಿಂಗಳಾಗಿತ್ತು. ಸ್ಪಾರ್ಟಾದಲ್ಲಿ ಲೀಸಿಮಾ ರಾಣಿ ಗಂಡು ಹೆತ್ತಳು, ಎದೆಯಲ್ಲಿ ಹಾಲಿಲ್ಲ, ಆರೋಗ್ಯವಾಗಿರುವ ಬಾಣಂತಿ ಬೇಕು ಎಂದು ಹೇಳಿಕಳಿಸಿದರು. ಊರಿನ ಹಿರಿಯರು ಫಿಲಿನ್ನಾಳನ್ನು ಮೇಲಿಂದ ಕೆಳಗೆ ನೋಡಿ ಇವಳೇ ಸರಿ ಎಂದರು. ಕೂಸನ್ನು ಕರೆದುಕೊಂಡು ಬರುವಂತಿಲ್ಲ ಎಂಬ ಮಾತು ಹೊರಡುವ ಹಿಂದಿನ ದಿನ ತಿಳಿಯಿತು. ಅವಳ ತಮ್ಮನ ಹೆಂಡತಿ ಮಿರ್ತೋ ಆಗ ಸತ್ತ ಕೂಸೊಂದನ್ನು ಹೆತ್ತು ಎದೆ ಭಾರವಾಗಿ ಮಲಗಿದ್ದಳು. ಲೀಕೋನನನ್ನು ಅವಳ ಮಗ್ಗುಲಲ್ಲಿ ಹಾಕಿ ಫಿಲಿನ್ನಾ ಹೋದಳು.

ಅರಮನೆಯಲ್ಲಿ ಏಳು ವರ್ಷ. ಅರಮನೆ ಎಂದರೆ ದೊಡ್ಡದೇನೂ ಅಲ್ಲ, ಕೊಡಲಿಯಲ್ಲಿ ಕೆತ್ತಿದ ತೊಲೆಯ ಮನೆ. ಅಲ್ಲಿ ಮಗು ಬೆಳೆಸುವ ಕ್ರಮವೇ ಬೇರೆ. ಬಟ್ಟೆಯಲ್ಲಿ ಸುತ್ತಬಾರದು, ಕತ್ತಲೆಗೆ ಹೆದರುವುದು ಕಲಿಸಬಾರದು, ಅತ್ತರೆ ಎತ್ತಿಕೊಳ್ಳಬಾರದು. ರಾಣಿಯ ಹಿರಿಯ ದಾಸಿಯೊಬ್ಬಳು ಇದಕ್ಕೆಂದೇ ಬಾಗಿಲಲ್ಲಿ ಕಾವಲು ಕೂರುತ್ತಿದ್ದಳು. ಫಿಲಿನ್ನಾ ಕೈಕಟ್ಟಿಕೊಂಡು ಮಗು ಅಳುವುದನ್ನು ಕೇಳುತ್ತ ನಿಲ್ಲುತ್ತಿದ್ದಳು. ಹಾಗೆ ನಿಂತಾಗ ಅವಳ ಕಿವಿಗೆ ಎರಡು ಅಳು ಕೇಳುತ್ತಿತ್ತು. ದಿನ ಕಳೆದಂತೆ ಒಂದೇ ಉಳಿಯಿತು. ಥೆರಾ ಎಂದು ಅವಳು ಕರೆಯುತ್ತಿದ್ದ ಆ ಹುಡುಗ ಕಪ್ಪೆಗೆ ಹೆದರುತ್ತಿದ್ದ, ಯಾರಿಗೂ ಹೇಳಬೇಡ ದಾದಿ ಎನ್ನುತ್ತಿದ್ದ. ಅವಳು ಯಾರಿಗೂ ಹೇಳಲಿಲ್ಲ. ಅವನ ಮೇಲೆ ಅವಳಿಗೆ ಪ್ರೀತಿ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು, ಬೇಕಾದಷ್ಟಿತ್ತು. ಅದೇ ಅವಳ ತೊಂದರೆ.

ನಡುವೆ ಒಂದೇ ಸಲ, ಲೀಕೋನನಿಗೆ ಮೂರು ತುಂಬಿದಾಗ, ಅವಳನ್ನು ಒಂದು ದಿನದ ಮಟ್ಟಿಗೆ ಊರಿಗೆ ಕಳಿಸಿದರು. ಹುಡುಗ ಮಿರ್ತೋಳ ಸೆರಗಿನ ಹಿಂದೆ ಅಡಗಿ ನಿಂತ. ಅಂಜೂರದ ಹಣ್ಣು ಕೊಟ್ಟರೆ ಹಣ್ಣು ತೆಗೆದುಕೊಂಡ, ಕೈ ಕೊಡಲಿಲ್ಲ. ಸಂಜೆ ಹೇಸರಗತ್ತೆ ಹತ್ತುವಾಗ ಅಂಗಳದಲ್ಲಿ ಅವನಿರಲಿಲ್ಲ. ಅವಳು ತಿರುಗಿ ನೋಡದೆ ಹೋದಳು.

ಏಳು ವರ್ಷ ಮುಗಿಸಿ ವಾಪಸು ಬಂದಾಗ ಮಿರ್ತೋ ಹುಡುಗನನ್ನು ಬಿಟ್ಟುಕೊಡಲಿಲ್ಲ, ಹುಡುಗನೂ ಬರಲಿಲ್ಲ. ಫಿಲಿನ್ನಾ ನಲವತ್ತು ಹೆಜ್ಜೆ ಆಚೆ ಒಂದು ಗುಡಿಸಲು ಹಾಕಿಕೊಂಡಳು. ಮಿರ್ತೋಳದು ಶಂಖದ ಹುಳುವಿನಿಂದ ಕೆನ್ನೀಲಿ ಬಣ್ಣ ಕಾಯಿಸುವ ಮನೆ, ಅಂಗಳದ ತುಂಬ ಒಡೆದ ಚಿಪ್ಪಿನ ತಿಪ್ಪೆ, ಊರಾಚೆಗೂ ಮೂಗು ಹಿಡಿಸುವ ವಾಸನೆ. ಆ ವಾಸನೆ ದಿನವೂ ಗಾಳಿಯಲ್ಲಿ ಫಿಲಿನ್ನಾಳ ಗುಡಿಸಲಿಗೆ ಬರುತ್ತಿತ್ತು, ಆ ಮನೆಯಿಂದ ಇನ್ನೇನೂ ಬರುತ್ತಿರಲಿಲ್ಲ. ಲೀಕೋನ್ ದೊಡ್ಡವನಾದ, ಹಡಗು ನಡೆಸುವುದು ಕಲಿತ, ಮದುವೆಯಾಗಿ ಹೆಂಡತಿಯನ್ನು ಕಳೆದುಕೊಂಡ. ಅಮ್ಮನ ಗುಡಿಸಲಿನ ಮಾಡು ಸೋರಿದರೆ ಬಂದು ಹುಲ್ಲು ಹೊದಿಸಿ ಹೋಗುತ್ತಿದ್ದ. ಆದರೆ ಅವಳನ್ನು ಏನೆಂದು ಕರೆಯಬೇಕೋ ಅವನಿಗೆ ಕಡೆಯವರೆಗೂ ತಿಳಿಯಲಿಲ್ಲ. ಕರೆಯುವ ಪ್ರಸಂಗ ಬಂದರೆ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ನಲವತ್ತು ವರ್ಷ ಕೆಮ್ಮಿನಲ್ಲೇ ಕಳೆಯಿತು. ಅಷ್ಟರಲ್ಲಿ ಅವಳ ಕಣ್ಣಿಗೂ ಪೊರೆ ಬಂದು ಎದುರಿಗಿರುವವರ ಮುಖ ಹೊಗೆಯ ಆಚೆ ಇದ್ದ ಹಾಗೆ ಆಗಿತ್ತು.

ರಾಜನನ್ನು ಕರೆತರಲು ಹೊರಟ ದಿನ ಲೀಕೋನ್ ಬಂದು ಎಂದಿನಂತೆ ಕೆಮ್ಮಿದ. ಅವಳು ಹೊರಗೆ ಬಂದಳು. ಅವನು ಏನೋ ಹೇಳಬೇಕೆಂದು ಬಂದು ಹೇಳಲಾರದೆ ತಲೆ ಬಗ್ಗಿಸಿ ನಿಂತ. ಅವಳಿಗೆ ಎಲ್ಲಿಂದ ಧೈರ್ಯ ಬಂತೋ, ಎರಡೂ ಕೈಯಲ್ಲಿ ಅವನ ಮುಖ ಹಿಡಿದು ಹಣೆಗೆ ಸದಾ ಬಿದ್ದಿರುತ್ತಿದ್ದ ಕೂದಲು ಸರಿಸಿ ಹಣೆಯಿಂದ ಗಡ್ಡದವರೆಗೆ ಸವರಿದಳು. ಅವನು ಅಲುಗಾಡಲಿಲ್ಲ. ನಲವತ್ತೈದು ವರ್ಷದ ಗಂಡಸಿನ ಮುಖವನ್ನು ಅವಳು ಮುಟ್ಟಿದ್ದು ಅದೇ ಮೊದಲು, ಅದೇ ಕಡೆ.

ಸ್ಪಾರ್ಟಾದಲ್ಲಿ ಆಗಲೇ ಹೆಂಗಸರು ರಾಜನ ಸಾವು ಸಾರಲು ಕೊಪ್ಪರಿಗೆ ಬಡಿಯುತ್ತ ಬೀದಿ ಸುತ್ತುತ್ತಿದ್ದರು. ಫಿಲಿನ್ನಾಳನ್ನು ನೇರ ಖೈರೋನ್ ಎಂಬ ಕುಂಬಾರನ ಕೆಲಸದ ಮನೆಗೆ ಕರೆದೊಯ್ದರು. ದೇವಿಯ ಗುಡಿಗೆ ಮಣ್ಣಿನ ಮುಖವಾಡ ಮಾಡಿಕೊಡುವುದು ಅವನ ಕಸುಬು. ಯುದ್ಧದಲ್ಲೋ ಪರದೇಶದಲ್ಲೋ ಸತ್ತ ರಾಜನ ಹೆಣ ಸಿಗದಿದ್ದರೆ ಅವನ ಪ್ರತಿಮೆ ಮಾಡಿ ಚಟ್ಟದ ಮೇಲೆ ಮಲಗಿಸಿ ಹೊತ್ತು ಮಣ್ಣು ಮಾಡುವುದು ಪದ್ಧತಿ. ಮರದ ಚೌಕಟ್ಟಿಗೆ ಹುಲ್ಲು ಕಟ್ಟಿ ಮೈ ಆಗಿತ್ತು, ಕೆಂಪು ಹೊದಿಕೆ ಸಿದ್ಧವಾಗಿತ್ತು. ಮುಖ ಮಾತ್ರ ಇರಲಿಲ್ಲ.

ಖೈರೋನ್ ಸಿಡುಕಿನ ಮನುಷ್ಯ, ಅವತ್ತು ಇನ್ನೂ ಹೆಚ್ಚು ಸಿಡುಕುತ್ತಿದ್ದ. ರಾಜನನ್ನು ಹತ್ತಿರದಿಂದ ನೋಡಿದವರೆಲ್ಲ ಒಂದೋ ಅವನ ಜೊತೆ ಸತ್ತಿದ್ದಾರೆ, ಇಲ್ಲವೆ ಇನ್ನೂ ಪರದೇಶದಲ್ಲಿದ್ದಾರೆ. ಉಳಿದು ಬಂದ ಇಬ್ಬರು ಹಡಗಿನ ತಳದಲ್ಲಿ ಹುಟ್ಟು ಹಾಕುವವರು, ರಾಜನ ಮುಖ ಕಂಡವರಲ್ಲ. ರಾಜನ ತಾಯಿ, ಹೆಂಡತಿ ಇಬ್ಬರೂ ತೀರಿಕೊಂಡು ವರ್ಷಗಳಾದವು. ಸ್ಪಾರ್ಟಾಕ್ಕೆ ರಾಜರು ಇಬ್ಬರು, ಮನೆತನ ಎರಡು. ಇನ್ನೊಂದು ಮನೆಯ ರಾಜನನ್ನು ಕೇಳೋಣವೆಂದರೆ ಆ ಮನೆಗೂ ಈ ಮನೆಗೂ ತಲೆತಲಾಂತರದಿಂದ ಮಾತಿಲ್ಲ. ಹಿರಿಯರ ಸಭೆಯವರು ಒಬ್ಬೊಬ್ಬರಾಗಿ ಬಂದು ಗಡ್ಡ ಇತ್ತು ಎಂದು ಹೇಳಿ ಹೋಗಿದ್ದರು.

"ಗಡ್ಡ ಇತ್ತಂತೆ. ಸ್ಪಾರ್ಟಾದಲ್ಲಿ ಗಡ್ಡ ಯಾರಿಗಿಲ್ಲ? ಗಡ್ಡದ ಒಳಗೆ ಏನಿತ್ತು ಅಂತ ಒಬ್ಬರಿಗೂ ಗೊತ್ತಿಲ್ಲ," ಎಂದು ಅವನು ಅವಳ ಮುಂದೆ ಹದ ಮಾಡಿದ ಮಣ್ಣಿನ ಮುದ್ದೆ ಇಟ್ಟ. "ನೀನಾದ್ರೂ ಹೇಳಜ್ಜಿ."

ಅವಳು ಹೇಳತೊಡಗಿದಳು. ತುಂಬಿದ ಕೆನ್ನೆ, ಸ್ವಲ್ಪ ಮೊಂಡು ಮೂಗು, ಅಗಲ ಕಿವಿ. ಖೈರೋನ್ ಹೇಳಿದಂತೆ ಒತ್ತುತ್ತ, ಎಳೆಯುತ್ತ ಹೋದ. ಸ್ವಲ್ಪ ಹೊತ್ತಿಗೆ ಕೈ ನಿಲ್ಲಿಸಿ, ಇದು ಏಳು ವರ್ಷದ ಮಗುವಿನ ಮುಖ, ಚಟ್ಟದ ಮೇಲೆ ಮಗುವನ್ನು ಮಲಗಿಸಲೇ ಎಂದು ಗದರಿದ. ನಲವತ್ತೈದಾದ ಗಂಡಸು ಬೇಕು, ಬಿಸಿಲಲ್ಲಿ ಬೆಂದವನು, ಸಮುದ್ರ ಕಂಡವನು.

ಅಂಥ ಥೆರಾನನ್ನು ಅವಳು ಕಂಡಿರಲಿಲ್ಲ. ಪಟ್ಟವಾದ ದಿನ ಜನರ ನಡುವೆ ನಿಂತು ದೂರದಿಂದ ನೋಡಿದ್ದು, ಅಷ್ಟೇ. ಗೊತ್ತಿಲ್ಲ ಎಂದುಬಿಡಬಹುದಿತ್ತು. ಆದರೆ ಇನ್ನು ಇವನನ್ನು ನೆನೆಯುವವರು ತನ್ನನ್ನು ಬಿಟ್ಟರೆ ಯಾರಿದ್ದಾರೆ ಎನ್ನಿಸಿ ಅವಳು ಮಣ್ಣನ್ನು ತನ್ನ ಕಡೆ ಎಳೆದುಕೊಂಡಳು. ಆ ಕೆನ್ನೆಗೆ ವಯಸ್ಸು ಹಾಕಿ ನೋಡೋಣವೆಂದು ಹೆಬ್ಬೆರಳಲ್ಲಿ ಕೆನ್ನೆ ತಗ್ಗಿಸಿದಳು. ದವಡೆ ಅಗಲ ಮಾಡಿದಳು. ಕಣ್ಣಿನ ತುದಿಯಲ್ಲಿ ಬಿಸಿಲಿಗೆ ಮುದುಡಿದ ಗೆರೆ ಎಳೆದಳು. ಮೂಗು ಉದ್ದವಾಯಿತು. ಕೈ ತನ್ನಷ್ಟಕ್ಕೆ ನಡೆಯಿತು, ಅವಳು ಅದನ್ನು ತಡೆಯಲಿಲ್ಲ. ಎಡ ಹುಬ್ಬಿನ ಮೇಲೆ, ಹಣೆಯಲ್ಲಿ, ಅವಳ ಬೆರಳು ಒಂದು ಸಣ್ಣ ಗುಳಿ ಒತ್ತಿತು.

ಒತ್ತಿದ ಬೆರಳು ಅಲ್ಲೇ ನಿಂತಿತು. ಥೆರಾನ ಹಣೆಯಲ್ಲಿ ಗುಳಿ ಇರಲಿಲ್ಲ. ಆ ಗುಳಿ ಇದ್ದದ್ದು ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತವನಿಗೆ. ಎಂಟು ದಿನ ಕಣ್ಣು ಮುಚ್ಚಿ ಹುಡುಕಿ ಸಿಗದೆ ಹೋದ ಮುಖ ಅವಳ ಅಂಗೈ ಕೆಳಗೆ ತಣ್ಣಗೆ, ಒದ್ದೆಯಾಗಿ ಇತ್ತು.

ಅವಳಿಗೆ ಅಲ್ಲೇ ಕೂಗಿಕೊಳ್ಳುವಷ್ಟು ಅಳು ಬಂತು. ಇದು ತಪ್ಪು, ಅಳಿಸು ಎಂದು ಹೇಳಬೇಕೆಂದು ಬಾಯಿ ತೆರೆದಳು.

"ಇವನೇನಾ?" ಎಂದ ಖೈರೋನ್. ಅವನ ದನಿಯಲ್ಲಿ ಸಿಡುಕು ಇರಲಿಲ್ಲ. ಕಸುಬುದಾರನಿಗೆ ನಿಜವಾದ ಮುಖ ಯಾವುದು ಎಂದು ತಿಳಿಯುತ್ತದೆ.

"ಇವನೇ," ಎಂದಳು ಫಿಲಿನ್ನಾ.

ಮುಖವನ್ನು ನೆರಳಲ್ಲಿ ಆರಿಸಿ, ಹದವಾಗಿ ಸುಟ್ಟು, ಬಣ್ಣ ಬಳಿದು ಇಟ್ಟ ಮೇಲೆ ರಾಜನ ಮಗ ಪೊಲಿಯಾದಾಸ್ ನೋಡಲು ಬಂದ. ಇಪ್ಪತ್ತು ವರ್ಷದವನು, ಇನ್ನು ಹತ್ತು ದಿನಕ್ಕೆ ಅವನೇ ರಾಜ. ಜೊತೆಯವರನ್ನು ಹೊರಗೇ ನಿಲ್ಲಿಸಿ ಒಬ್ಬನೇ ಒಳಗೆ ಬಂದ. ಅಪ್ಪ ಹೊರಟಾಗ ಅವನಿಗೆ ಮೂರು ವರ್ಷ. ತಾಯಿಯೂ ಬೇಗ ಹೋದಳು. ಅಪ್ಪ ಗೆದ್ದ ಊರುಗಳ ಹೆಸರೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಅಪ್ಪನ ಮುಖ ಗೊತ್ತಿರಲಿಲ್ಲ.

ಅವನು ಮಂಡಿಯೂರಿ ಕೂತು ಬಹಳ ಹೊತ್ತು ನೋಡಿದ. ಫಿಲಿನ್ನಾ ಗೋಡೆಗೆ ಒರಗಿ ನಿಂತಿದ್ದಳು. ಈಗ ಹೇಳುತ್ತೇನೆ, ಈಗ ಹೇಳಿಬಿಡುತ್ತೇನೆ ಎಂದು ಅವಳು ಮನಸ್ಸಿನಲ್ಲೇ ಎದ್ದು ಕೂರುತ್ತಿದ್ದಳು.

"ನನಗೆ ಅಪ್ಪನ ಮುಖ ಇರಬಹುದು ಅಂದ್ಕೊಂಡಿದ್ದೆ ದಾದಿ. ನನ್ನ ಹಾಗಿಲ್ಲ," ಎಂದ ಅವನು. ಆಮೇಲೆ ಹಣೆಯ ಗುಳಿಯಲ್ಲಿ ಕಿರುಬೆರಳಿಟ್ಟ. "ಇದು ಹೇಗಾಯ್ತು?"

"ಗೊತ್ತಿಲ್ಲ ಒಡೆಯಾ."

"ನೀನು ಹಗಲೂ ರಾತ್ರಿ ಅವರ ಹತ್ರಾನೇ ಇದ್ದೆ ಅಂತಾರಲ್ಲ?"

"ನಾನು ಇಲ್ಲದಾಗ ಆದದ್ದು," ಎಂದಳು. ಅವಳು ಆ ದಿನ ಆಡಿದ ನಿಜ ಅಷ್ಟೇ. ಪೊಲಿಯಾದಾಸ್ ಬಗ್ಗಿ ಮಣ್ಣಿನ ಹಣೆಗೆ ತುಟಿ ಇಟ್ಟ. ಅಪ್ಪನಿಗೆ ಕೊಡುವ ಮೊದಲ ಮುತ್ತೆಂದು ಅವನ ಭಾವನೆ. ಅದಾದ ಮೇಲೆ ಬಾಯಿ ಬಿಡುವ ಧೈರ್ಯ ಫಿಲಿನ್ನಾಳಿಗೆ ಉಳಿಯಲಿಲ್ಲ. ತಾನು ಒಬ್ಬ ಹುಡುಗನಿಗೆ ದ್ರೋಹ ಮಾಡುತ್ತಿದ್ದೇನೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಲವತ್ತೈದು ವರ್ಷದ ಹಿಂದೆ ಈ ಮನೆಯವರ ಮಗುವಿಗಾಗಿ ಇನ್ನೊಬ್ಬ ಹುಡುಗನಿಗೆ ಮಾಡಿದ್ದೂ ಗೊತ್ತಿತ್ತು. ಯಾವುದು ಹೆಚ್ಚು ಎಂದು ತೂಗುವ ಶಕ್ತಿ ಅವಳಿಗಿರಲಿಲ್ಲ.

ಮಣ್ಣು ಮಾಡುವ ದಿನ ಸಾವಿರಾರು ಜನ ಸೇರಿದ್ದರು. ದಡದ ಊರಿನವರಿಗೆ ದಾರಿಯ ಬಲಗಡೆ ಜಾಗ ಕೊಟ್ಟಿದ್ದರು. ಅವರಲ್ಲಿ ಮಿರ್ತೋ ಇದ್ದಳು. ಈಗ ಅರವತ್ತು ದಾಟಿದ ವಿಧವೆ, ಚಿಪ್ಪು ಒಡೆದು ಒಡೆದು ಮೊಣಕೈವರೆಗೆ ಕೆನ್ನೀಲಿ ಹತ್ತಿದ ಕೈಗಳು, ಎಷ್ಟು ಧೂಳು ಬಳಿದುಕೊಂಡರೂ ಬಣ್ಣ ಕಾಣುತ್ತಿತ್ತು. ಫಿಲಿನ್ನಾ ಬಂದು ಪಕ್ಕದಲ್ಲಿ ನಿಂತಳು, ಬೇರೆ ಎಲ್ಲೂ ಜಾಗವಿರಲಿಲ್ಲ. ಮಿರ್ತೋ ನೋಡಿದರೂ ನೋಡದವಳ ಹಾಗೆ ನಿಂತಳು. ಇಬ್ಬರೂ ಒಬ್ಬನಿಗೇ ತಾಯಿಯಾಗಲು ಹೋಗಿ ಒಬ್ಬರಿಗೊಬ್ಬರು ಏನೂ ಆಗದೆ ಉಳಿದವರು.

ಮಿರ್ತೋ ಬಾಯಲ್ಲಿ ರಾಜನ ಹೆಸರು ಹೇಳಿ ಅಳುತ್ತಿದ್ದಳು, ಕಣ್ಣಲ್ಲಿ ನೀರಿರಲಿಲ್ಲ. ಯಾರ ಕಣ್ಣಲ್ಲೂ ಇರಲಿಲ್ಲ. ಹಿಂದೆ ನಿಂತ ಗಂಡಸರು ಹಣೆ ಬಡಿದುಕೊಳ್ಳುವ ಬಿಡುವಿನಲ್ಲಿ ಮೀನಿನ ಮಾತಾಡುತ್ತಿದ್ದರು.

ಚಟ್ಟ ಹತ್ತಿರ ಬಂತು, ಸಾಲಿನವರೆಲ್ಲ ರೂಢಿಯಂತೆ ಮುಖ ನೆಲಕ್ಕೆ ಹಾಕಿದರು, ಮಿರ್ತೋ ಮಾತ್ರ ಕಣ್ಣೆತ್ತಿದಳು. ಆಲಿವ್ ಎಲೆಗಳ ಮೇಲೆ ಕೆಂಪು ಹೊದಿಕೆ ಹೊದ್ದು ಮಣ್ಣಿನ ರಾಜ ಮಲಗಿದ್ದ. ಮಿರ್ತೋ ಬಾಯಿ ತೆರೆದದ್ದು ಹಾಗೇ ನಿಂತಿತು. ಅವಳ ಕಣ್ಣು ಇನ್ನೂ ಚುರುಕಾಗಿತ್ತು. ನಲವತ್ತೈದು ವರ್ಷ ದಿನವೂ ಎದುರಿಗೆ ಕೂರಿಸಿಕೊಂಡು ಉಣ್ಣಿಸಿದ ಮುಖ ಅದು. ಅವಳು ಫಿಲಿನ್ನಾಳ ತೋಳನ್ನು ಮುರಿಯುವ ಹಾಗೆ ಹಿಡಿದಳು.

"ಇದು ನಮ್ಮ ಹುಡುಗ," ಎಂದಳು ಬಾಯೊಳಗೇ.

ಫಿಲಿನ್ನಾ ಹೂಂ ಎಂದಳು. ಮಿರ್ತೋ ಒಂದು ಮಾತು ಗಟ್ಟಿಯಾಗಿ ಆಡಿದರೆ ಮುಗಿಯಿತು, ಚಟ್ಟ ಅಲ್ಲೇ ಇಳಿಯುತ್ತದೆ, ತನ್ನ ಗತಿಯೂ ಪಾಪದ ಖೈರೋನನ ಗತಿಯೂ ಅಷ್ಟೇ ಎಂದು ಅವಳು ಕಾದಳು. ಆಡುವುದಕ್ಕೆ ಮಿರ್ತೋಳಿಗೆ ಕಾರಣವೂ ಬೇಕಾದಷ್ಟಿತ್ತು. ಮಗನ ಹಾಲು ಮಾರಿದವಳು ಎಂದು ಅವಳು ಬಾವಿಕಟ್ಟೆಯಲ್ಲಿ ಆಡಿಕೊಳ್ಳದ ವರ್ಷವಿರಲಿಲ್ಲ.

ಮಿರ್ತೋ ಆಡಲಿಲ್ಲ. ಎರಡೂ ಕೈಯಲ್ಲಿ ಹಣೆ ಹೊಡೆದುಕೊಂಡು ಅವಳು ಅಳತೊಡಗಿದ ರೀತಿಗೆ ಹಿಂದಿನ ಗಂಡಸರು ಮೀನಿನ ಮಾತು ನಿಲ್ಲಿಸಿದರು. ಫಿಲಿನ್ನಾಳೂ ಅತ್ತಳು. ಎದೆಯಲ್ಲಿ ಕಟ್ಟಿಕೊಂಡದ್ದೆಲ್ಲ ಒಡೆದು ಹರಿಯಿತು. ಇಬ್ಬರು ಮುದುಕಿಯರು ಹಾಗೆ ಅಳುವುದನ್ನು ಕಂಡು ಪಕ್ಕದವರಿಗೂ ತಮ್ಮ ತಮ್ಮ ಸತ್ತವರು ನೆನಪಾಗಿರಬೇಕು, ಅಳು ಸಾಲಿನುದ್ದಕ್ಕೂ ಹಬ್ಬಿತು. ಆಗಿಹೋದವರಲ್ಲೆಲ್ಲ ಇವನೇ ಉತ್ತಮ ಎಂದು ಎಲ್ಲರೂ ಕೂಗಿದರು. ಹಡಗಿನ ಚುಕ್ಕಾಣಿ ಹಿಡಿಯುವವನಿಗಾಗಿ ಇಡೀ ನಾಡು ಅತ್ತಿತು, ಸ್ಪಾರ್ಟಾದ ರಾಜರ ಪಕ್ಕದಲ್ಲಿ ಅವನಿಗೆ ಮಣ್ಣಾಯಿತು.

ವಾಪಸು ಹೋಗುವಾಗ ಇಬ್ಬರೂ ಊರಿನವರಿಂದ ಹಿಂದೆ ಬಿದ್ದರು. ಮಿರ್ತೋಳಿಗೆ ಮಂಡಿ ನೋವು, ಫಿಲಿನ್ನಾಳಿಗೆ ದಾರಿ ಕಾಣುತ್ತಿರಲಿಲ್ಲ. ಹೊಳೆಯ ಹತ್ತಿರ ಕಲ್ಲಿನ ಮೇಲೆ ಕೂತು ಮಿರ್ತೋ ತನ್ನ ಬುತ್ತಿಯ ರೊಟ್ಟಿ ಮುರಿದು ಅರ್ಧ ಕೊಟ್ಟಳು. ಇಷ್ಟು ವರ್ಷದಲ್ಲಿ ಅವಳ ಕೈಯಿಂದ ಫಿಲಿನ್ನಾ ತಿಂದ ಮೊದಲ ತುತ್ತು ಅದು.

"ಆ ಗುಳಿ ನಿನಗೆ ಹೆಂಗೆ ಗೊತ್ತಿತ್ತು ಅತ್ತಿಗೆ?" ಎಂದು ಮಿರ್ತೋ ಕೇಳಿದಳು.

"ಹೊರಡೋ ದಿನ ಒಂದ್ಸಲ ಮುಟ್ಟಿದ್ದೆ. ಹೆಂಗಾಯ್ತು ಅಂತ ಗೊತ್ತಿಲ್ಲ. ರಾಜರ ಮಗ ಕೇಳಿದ, ಹೇಳಕ್ಕಾಗಲಿಲ್ಲ."

ಮಿರ್ತೋ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ಹೊಳೆ ನೋಡಿದಳು. ಹೇಳಲೋ ಬೇಡವೋ ಎಂದು ಅವಳ ಮುಖದಲ್ಲಿ ಬಂದು ಹೋಗುತ್ತಿದ್ದದ್ದು ಫಿಲಿನ್ನಾಳಿಗೆ ಕಾಣಲಿಲ್ಲ.

"ಅವನಿಗೆ ಮೂರು ವರ್ಷ ಇದ್ದಾಗ ನೀನು ಬಂದಿದ್ದೆಯಲ್ಲ, ಅವತ್ತು. ನೀನು ಹೋಗ್ತೀಯ ಅಂತ ಗೊತ್ತಾಗಿ ತಿಪ್ಪೆ ಹಿಂದೆ ಕೂತಿದ್ದ. ಹೇಸರಗತ್ತೆ ತಿರುವು ದಾಟಿತು ನೋಡು, ಆಗ ಎದ್ದು ಓಡಿದ. ಚಿಪ್ಪಿನ ಮೇಲೆ ಬಿದ್ದ. ಹಣೆ ತುಂಬ ರಕ್ತ."

"ಯಾಕೆ ಓಡಿದ?"

"ಅವ್ವಾ ಅಂತ ಕೂಗ್ತಾ ಓಡಿದ. ನಾನು ಹಿಡ್ಕೊಂಡೆ. ನಿನಗೆ ಹೇಳಬೇಕಿತ್ತು. ಹೇಳಲಿಲ್ಲ." ಅವಳ ದನಿ ಒರಟಾಯಿತು. "ನಾನು ನಲವತ್ತೈದು ವರ್ಷ ಸಾಕಿದೆ, ನನ್ನನ್ನ ಒಂದು ದಿನಾನೂ ಹಂಗೆ ಕರೀಲಿಲ್ಲ. ಅತ್ತೆ, ಅತ್ತೆ ಅಂತಾನೇ ಇದ್ದ. ಅದಕ್ಕೇ ಹೇಳಲಿಲ್ಲ."

 ಆ ದಿನ ತಿರುವು ದಾಟಿದ ಮೇಲೆ ಹಿಂದಿನಿಂದ ಏನೋ ಕೇಳಿದಂತಾಗಿ, ಯಾವುದೋ ಕಡಲಹಕ್ಕಿ ಎಂದುಕೊಂಡು ಹೇಸರಗತ್ತೆಯ ಕತ್ತು ತಟ್ಟಿ ಮುಂದೆ ಹೋದದ್ದು ಫಿಲಿನ್ನಾಳಿಗೆ ನೆನಪಾಯಿತು. ಅತ್ತರೆ ಎತ್ತಿಕೊಳ್ಳಬಾರದೆಂದು ಅಭ್ಯಾಸವಾದ ಕಿವಿ ಅದು. ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು. ಅವಳು ರೊಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ಅದರಲ್ಲಿ ಒಂದು ಗುಳಿ ಒತ್ತುತ್ತ ಕೂತಳು. ಹೊತ್ತಾಗುತ್ತದೆ ಎಂದು ಮಿರ್ತೋ ಎಬ್ಬಿಸಿದಳು.

ಆಮೇಲೆ ಫಿಲಿನ್ನಾ ಐದು ವರ್ಷ ಬದುಕಿದಳು. ಮಿರ್ತೋ ಮುಂದಿನ ಚಳಿಗಾಲದಲ್ಲೇ ಹೋದಳು, ಬಣ್ಣದ ಮನೆಯ ಒಲೆ ಆರಿತು, ಗಾಳಿಯಲ್ಲಿ ಬರುತ್ತಿದ್ದ ವಾಸನೆಯೂ ನಿಂತಿತು. ಬಾಗಿಲಲ್ಲಿ ಕೆಮ್ಮುವವರು ಯಾರೂ ಇರಲಿಲ್ಲ. ಮಾಡು ಸೋರುತ್ತಿತ್ತು.

ವರ್ಷಕ್ಕೊಮ್ಮೆ ಪೊಲಿಯಾದಾಸ್ ರಾಜ ಹೇಸರಗತ್ತೆ ಕಳಿಸಿ ಅವಳನ್ನು ಕರೆಸಿಕೊಳ್ಳುತ್ತಿದ್ದ. ರಾಜನೆಂದು ತನಗೆ ಸಲ್ಲುವ ಎರಡು ಪಾಲಿನ ಊಟದಲ್ಲಿ ಒಂದು ಪಾಲನ್ನು ಅವಳ ಮುಂದಿಟ್ಟು ಅಪ್ಪನ ಕತೆ ಹೇಳು ಎನ್ನುತ್ತಿದ್ದ. ಪ್ರತಿ ಸಲವೂ ಈ ಸಲ ನಿಜ ಹೇಳಿಬಿಡಬೇಕೆಂದು ಅವಳು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗುತ್ತಿದ್ದಳು. ಹೋದ ಮೇಲೆ ಕಪ್ಪೆಗೆ ಹೆದರಿದ ಕತೆ ಹೇಳುತ್ತಿದ್ದಳು. ಮುಖ ಕೊಡಲಾಗದಿದ್ದರೂ ಕಪ್ಪೆಯ ಕತೆಯನ್ನಾದರೂ ಕೊಡೋಣ ಎಂದು. ರಾಜ ನಗುತ್ತಿದ್ದ. ನಕ್ಕು, ಪ್ರತಿ ಸಲವೂ ಹಣೆಯ ಗುಳಿ ಹೇಗಾಯ್ತು ಎಂಬ ಅದೇ ಪ್ರಶ್ನೆಗೆ ಬರುತ್ತಿದ್ದ. ಕಡೆಯ ವರ್ಷ ಅವಳು ಉತ್ತರ ಹೇಳಿದಳು.

"ಮೂರು ವರ್ಷದವನಿದ್ದಾಗ, ಅವ್ವ ಬಿಟ್ಟು ಹೋಗ್ತಿದ್ದಾಳೆ ಅಂತ ಓಡಿ ಬಿದ್ದದ್ದು, ಒಡೆಯಾ."

"ಆಮೇಲೆ? ಅವ್ವ ತಿರುಗಿ ಬಂದಳಾ?"

ಫಿಲಿನ್ನಾ ಇಲ್ಲವೆಂದು ತಲೆಯಾಡಿಸಿದಳು. ರಾಜ ತನ್ನ ಹಣೆ ಮುಟ್ಟಿಕೊಂಡು, ಆ ವಯಸ್ಸಿನಲ್ಲಿ ಅಪ್ಪ ಹೊರಟಾಗ ತಾನು ಹಾಗೆ ಹಿಂದೆ ಓಡಲಿಲ್ಲ ಎಂದ.

ಗುಡಿಸಲಿಗೆ ವಾಪಸು ಬಂದು ಅವಳು ಹೊಸ್ತಿಲ ಮೇಲೆ ಕೂತಳು. ಕಣ್ಣು ಪೂರ್ತಿ ಹೋಗಿತ್ತು, ಮುಚ್ಚಿದರೂ ತೆರೆದರೂ ಒಂದೇ. ಮನಸ್ಸಿನಲ್ಲಿ ಕರೆದ ತಕ್ಷಣ ಲೀಕೋನ್ ಬಂದ, ತಲೆ ಬಗ್ಗಿಸಿ ನಿಂತ, ಹಣೆಯ ಗುಳಿ ಸ್ಪಷ್ಟವಾಗಿತ್ತು. ಅವನನ್ನು ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿ ಅವಳು ಇನ್ನೊಬ್ಬನನ್ನು ಕರೆದಳು. ಕಪ್ಪೆಗೆ ಹೆದರುತ್ತಿದ್ದವನನ್ನು, ಯಾರಿಗೂ ಹೇಳಬೇಡ ದಾದಿ ಎಂದವನನ್ನು. ಅವನ ಮುಖ ಬಲ್ಲವರು ಭೂಮಿಯ ಮೇಲೆ ಅವಳೊಬ್ಬಳೇ ಉಳಿದಿದ್ದಳು. ಎಷ್ಟು ಕರೆದರೂ ಬಂದವನ ಹಣೆಯಲ್ಲೂ ಅದೇ ಗುಳಿ ಕಾಣುತ್ತಿತ್ತು.